ಓಡದೆ ಕುಳಿತದ್ದೇ ಅಪರಾಧ

ಮಾನ್ಯ ಫೌಜದಾರ ಸಾಹೇಬರೇ,

ಸಿನಿಮಾ ನೋಡುವಾಗ ಎಲ್ಲರಂತೆ ಎದ್ದು ಓಡಲಿಲ್ಲ ಎಂಬ ಕಾರಣಕ್ಕೆ ಒಬ್ಬ ಮನುಷ್ಯನನ್ನು ನೀವು ಭಾನುವಾರ ಸಂಜೆಯಿಂದ ಠಾಣೆಯಲ್ಲಿ ಕೂಡಿಹಾಕಿದ್ದೀರಿ. ಅವನ ಹೆಸರು ಭರತ. ಮಾಕಣಿ ರಸ್ತೆಯ ಮೇಲಿರುವ ನಮ್ಮ ಪುನರ್ವಸತಿ ಊರಿನ ಹೊರಗೆ, ಬಯಲಿನಲ್ಲಿ ಪಾಲು, ಅಂದರೆ ಬಟ್ಟೆಯ ಡೇರೆ, ಹಾಕಿಕೊಂಡು ಬದುಕುವ ಬೇಟೆಗಾರ ಕುಲದ ಪಾರಧಿಗಳವನು. ಅವನನ್ನು ಬಂಧಿಸಿಲ್ಲ, 'ವಿಚಾರಣೆಗೆ ಕೂರಿಸಿದ್ದೇವೆ' ಎಂದು ನಿಮ್ಮ ಹವಾಲ್ದಾರರು ಹೇಳುತ್ತಾರೆ. ಕೂರಿಸುವುದಕ್ಕೂ ಬಂಧಿಸುವುದಕ್ಕೂ ವ್ಯತ್ಯಾಸ ನನಗೆ ತಿಳಿಯಲಿಲ್ಲ. ಬಂಧಿಸಿದವನನ್ನು ಇಪ್ಪತ್ತನಾಲ್ಕು ತಾಸಿನೊಳಗೆ ನ್ಯಾಯಾಧೀಶರ ಮುಂದೆ ನಿಲ್ಲಿಸಬೇಕು ಎಂದು ನಾನು ಓದಿದ ಕಿರುಹೊತ್ತಿಗೆಯಲ್ಲಿತ್ತು. 'ಕೂರಿಸಿದವನ' ಬಗ್ಗೆ ಅದರಲ್ಲಿ ಏನೂ ಇರಲಿಲ್ಲ.

ನಿಮ್ಮ ಠಾಣೆಯ ವ್ಯವಹಾರ ಮರಾಠಿಯಲ್ಲಾದರೂ ಈ ಪತ್ರವನ್ನು ಕನ್ನಡದಲ್ಲಿ ಬರೆದು ಬೀದರದ ಪತ್ರಿಕೆಗೆ ಕಳಿಸುತ್ತಿದ್ದೇನೆ. ಓದಲು ಬರುವುದಿಲ್ಲ ಎನ್ನಬೇಡಿ. ನಿಮ್ಮ ತಾಯಿ ಔರಾದ ಶಹಾಜನಿಯವರು, ಮನೆಯಲ್ಲಿ ಮಾತಾಡುವುದು ಕನ್ನಡ, ಬರೆಯಲು ಓದಲು ಕಲಿಸಿದ್ದೂ ಅವರೇ ಎಂದು ನೀವೇ ಆ ಭಾನುವಾರ ವೇದಿಕೆಯ ಮೇಲೆ ಹೆಮ್ಮೆಯಿಂದ ಹೇಳಿದಿರಿ. ಆ ದಿನ ನೀವು ಇನ್ನೂ ಬಹಳ ಒಳ್ಳೆಯ ಮಾತುಗಳನ್ನು ಹೇಳಿದಿರಿ. ನಮ್ಮ ಯುವಕ ಮಂಡಳದವರು ಉಮರ್ಗಾದಿಂದ ಯಂತ್ರ, ಪರದೆ, ಧ್ವನಿಪೆಟ್ಟಿಗೆ ತಂದು ಸಭಾಗೃಹದಲ್ಲಿ ಆ ಸಿನಿಮಾ ಹಾಕಿಸಿದ್ದೆವು. ನಿಜಾಮನ ಕಾಲದ ಕಥೆ. ಜಮೀನಿನ ಆಸೆಗೆ ಊರಾಳುವ ಒಬ್ಬ ದೇಶಮುಖ ಪಾರಧಿಗಳ ಒಂದು ಇಡೀ ಗುಂಪನ್ನು ಕೊಲ್ಲಿಸಿ, ಸತ್ತವರನ್ನೇ ದರೋಡೆಕೋರರೆಂದು ಕಾಗದದ ಮೇಲೆ ಬರೆಸುವ ಕಥೆ. ಮುಖ್ಯ ಅತಿಥಿಗಳಾಗಿ ನೀವು ಭರತನ ತಾಯಿ ತುಳಜಾಬಾಯಿಗೆ ಶಾಲು ಹೊದಿಸಿ, 'ಹುಟ್ಟಿದ ಜಾತಿಯನ್ನೇ ಗುನ್ನೆ ಎನ್ನುವ ಕಾಯಿದೆ ಎಂದೋ ರದ್ದಾಗಿದೆ, ನನ್ನ ಠಾಣೆಯಲ್ಲಿ ಜಾತಿ ನೋಡಿ ಯಾರನ್ನೂ ಕರೆಯುವುದಿಲ್ಲ' ಎಂದಿರಿ. ಚಪ್ಪಾಳೆ ಬಿತ್ತು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳು ನಾನು.

ಸಿನಿಮಾ ಶುರುವಾಯಿತು. ನಮ್ಮ ಜನ ಎಷ್ಟು ಅತ್ತರು! ನನ್ನನ್ನು ಸಾಕಿದ ಕಲ್ಯಾಣಪ್ಪ ಕಾಕಾ ಟೋಪಿ ತೆಗೆದು ಕಣ್ಣೊರೆಸಿಕೊಂಡರು. 'ಏನ್ ಜುಲುಮು ಮಾಡ್ಯಾರ ನೋಡ್ ಆ ದೇಶಮುಖರು! ಮನಶ್ಯಾರೇನ್ ಅವ್ರು?' ಎಂದು ಪಕ್ಕದವರಿಗೆ ಕೇಳಿಸುವಂತೆ ಬೈದರು. ಅವರ ಹೆಂಡತಿ, ನನ್ನ ಕಾಕು ಸುಮಿತ್ರಾಬಾಯಿ ನೆಲದ ಮೇಲೆ ಕೌದಿ ಹಾಸಿಕೊಂಡು ಕೂತಿದ್ದಳು, ಸೆರಗು ಬಾಯಿಗೆ ಒತ್ತಿಕೊಂಡು ಬಿಕ್ಕುತ್ತಿದ್ದಳು. ನೀವೂ ಕರವಸ್ತ್ರ ತೆಗೆದಿರಿ. ನಾನು ನೋಡಿದೆ, ನೋಡಿ ನಂಬಿದೆ. ಒಂದು ಊರು ಒಂದೇ ಸಂಜೆಯಲ್ಲಿ ಬದಲಾಗಬಹುದು ಎಂದು ನಂಬಿದ ಮೂರ್ಖಳು ನಾನು.

ಆಮೇಲೆ ಕುದುರೆಗಳು ಬಂದವು. ಪರದೆಯ ಮೇಲೆ ಸವಾರರು ಪಾರಧಿಗಳ ಪಾಲುಗಳ ಮೇಲೆ ಕುದುರೆ ನುಗ್ಗಿಸಿದಾಗ ನೆಲದ ಮೇಲಿಟ್ಟ ದೊಡ್ಡ ಧ್ವನಿಪೆಟ್ಟಿಗೆಗಳು ಗುಡುಗಿದವು. ಕಬ್ಬಿಣದ ಕುರ್ಚಿಗಳು ನಡುಗಿದವು, ತಗಡಿನ ಛತ್ತು ಗಲಗಲ ಎಂದಿತು. ಬೇರೆ ಊರಿನವರಾದರೆ ಸಿನಿಮಾ ಎಂದು ಕೂತಿರುತ್ತಿದ್ದರು. ನಮ್ಮದು ಭೂಕಂಪದಲ್ಲಿ ನೆಲಸಮವಾದ ಊರು. ಹತ್ತು ವರ್ಷದ ಮೇಲೂ ಲಾರಿಯೊಂದು ಜೋರಾಗಿ ಹೋದರೆ ಊಟದ ತಾಟು ಬಿಟ್ಟು ಅಂಗಳಕ್ಕೆ ಬಂದು ನಿಲ್ಲುವ ಜನ ನಾವು. ಯಾರೋ ಒಬ್ಬ ಮುದುಕಿ, 'ಭೂಮಿ ನಡಗ್ಲತ್ತದ! ಹೊರಗ ಬರ್ರೋ!' ಎಂದು ಕೂಗಿದಳು. ಅಷ್ಟೇ. ಚಪ್ಪಲಿ, ಚೀಲ, ಕೌದಿ ಎಲ್ಲ ಅಲ್ಲೇ ಬಿಟ್ಟು ಇಡೀ ಊರು ಬಯಲಿಗೆ ಓಡಿತು. ಯಂತ್ರ ನಡೆಸುವವನೂ ಓಡಿದ. ಕ್ಷಮಿಸಿ, ಮೇಜಿನ ಮೇಲೆ ನಿಮ್ಮ ಟೋಪಿ ಬಿಟ್ಟು ನೀವೂ ಓಡಿದಿರಿ.

ಬಯಲಿನಿಂದ ಬಾಗಿಲ ಕಡೆ ತಿರುಗಿ ನೋಡಿದಾಗ ಕಂಡದ್ದನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಖಾಲಿ ಕುರ್ಚಿಗಳ ನಡುವೆ ತಾಯಿ ಮಗ ಇಬ್ಬರೇ ಕೂತಿದ್ದರು. ಪರದೆಯ ಮೇಲೆ ಕುದುರೆಗಳು ಅವರ ಜನರನ್ನು ತುಳಿಯುತ್ತಲೇ ಇದ್ದವು. ಅವರು ಕಣ್ಣು ಮಿಟುಕಿಸದೆ ನೋಡುತ್ತಿದ್ದರು.

ಭೂಕಂಪವಲ್ಲ, ಕುದುರೆ ಎಂದು ಗೊತ್ತಾದ ಮೇಲೆ ಯಂತ್ರ ನಿಲ್ಲಿಸಿದರು, ಜನ ಒಬ್ಬರನ್ನೊಬ್ಬರು ನೋಡಿ ನಕ್ಕರು. ಭರತ ನಿಮ್ಮ ಟೋಪಿಯನ್ನು ಎರಡೂ ಕೈಯಲ್ಲಿ ಹಿಡಿದು ತಂದುಕೊಟ್ಟ. ತುಳಜಾಬಾಯಿ ಕಾಕುವಿನ ಕೌದಿ ಮಡಚಿ ತಂದು ನನ್ನ ಕೈಗಿಟ್ಟಳು. ಆಗಲೇ ಕಾಕು ಚಿನ್ನದ ಸರವಿಲ್ಲದ ಕೊರಳು ಮುಟ್ಟಿಕೊಂಡು, 'ನನ್ನ ಬೋರಮಾಳ!' ಎಂದು ಚೀರಿದ್ದು. ಮತ್ತು ಆಗಲೇ, ಐದು ನಿಮಿಷದ ಹಿಂದೆ ದೇಶಮುಖನನ್ನು ಬೈದ ನನ್ನ ಕಾಕಾ, 'ಎಲ್ಲಾರೂ ಹೊರಗ ಬಂದೀವಿ. ಒಳಗ ಕುಂತಾವ್ರು ಯಾರು?' ಎಂದು ಕೇಳಿದ್ದು. ಎಲ್ಲ ಮುಖಗಳೂ ಒಂದೇ ಕಡೆ ತಿರುಗಿದವು. ಕಣ್ಣೀರು ಇನ್ನೂ ಆರದ ಮುಖಗಳು, ಸಾಹೇಬರೇ.

ನೀವು ಭರತನನ್ನು ಕೇಳಿದಿರಿ: 'ಎಲ್ಲಾರೂ ಓಡಿದ್ರು. ನೀ ಯಾಕ ಓಡಲಿಲ್ಲ?'

ಉತ್ತರ ಕೊಟ್ಟದ್ದು ಅವನ ತಾಯಿ. 'ನಮ್ಮ ತಲಿ ಮ್ಯಾಲ ಎಂದರ ಛತ್ತ ಇತ್ತೇನ್ರೀ ಸಾಹೇಬ, ಅದು ಬೀಳ್ತದಂತ ಅಂಜಲಾಕ?'

ಈ ಮಾತಿನ ಅರ್ಥ ನಿಮಗೆ ಆಗಲಿಲ್ಲ, ಅಥವಾ ಆಗಬಾರದೆಂದು ನಿರ್ಧರಿಸಿದಿರಿ. ಭೂಕಂಪ ಕೊಂದದ್ದು ಕಲ್ಲು ಮಣ್ಣಿನ ಮಾಳಿಗೆಯ ಕೆಳಗೆ ಮಲಗಿದವರನ್ನು. ನನ್ನ ಅವ್ವ ಅಪ್ಪ ಹಾಗೆಯೇ ಹೋದರು, ಆಗ ನನಗೆ ಒಂಬತ್ತು ವರ್ಷ. ಬಟ್ಟೆಯ ಪಾಲಿನಲ್ಲಿ ಮಲಗಿದವರ ಮೇಲೆ ಬೀಳಲು ಏನಿತ್ತು? ಅದಕ್ಕೇ ಆ ಬೆಳಗಿನಲ್ಲಿ ಎಲ್ಲರಿಗಿಂತ ಮೊದಲು ಓಡಿ ಬಂದು ಬರಿಗೈಯಲ್ಲಿ ಕಲ್ಲು ತೆಗೆದವರು ಪಾರಧಿಗಳು. ಕಲ್ಯಾಣಪ್ಪ ಕಾಕಾನ ಕಾಲಿನ ಮೇಲಿನ ತೊಲೆ ಎತ್ತಿದ್ದು ಭರತನ ಅಪ್ಪ. ಆ ದಿನ ಅವರು ಊರೊಳಕ್ಕೆ ಓಡಿ ಬಂದದ್ದಕ್ಕೆ 'ಲೂಟಿ ಮಾಡಲು ಬಂದರು' ಎಂದವರಿದ್ದರು. ಈಗ ಓಡದೆ ಕೂತದ್ದಕ್ಕೆ ಕಳ್ಳರು. ಸಿನಿಮಾದಲ್ಲಿ ನಿಜಾಮನ ಒಬ್ಬ ಅಧಿಕಾರಿ, 'ಓಡಿದವನೇ ಗುನ್ನೆಗಾರ, ಹೊಡೆಯಿರಿ' ಎನ್ನುತ್ತಾನೆ. ಆಗ ನೀವು ಕರವಸ್ತ್ರ ತೆಗೆದದ್ದು. ಹಾಗಾದರೆ ಪಾರಧಿ ಓಡಬೇಕೋ, ಕೂರಬೇಕೋ? ತಮ್ಮ ಠಾಣೆಯಿಂದ ದಯವಿಟ್ಟು ಒಂದು ಪ್ರಕಟಣೆ ಹೊರಡಿಸಿ.

ಇನ್ನೊಂದು ಪ್ರಶ್ನೆ. ನಿಮ್ಮ ಟೋಪಿಯನ್ನು ಮುಟ್ಟಿ ಹಾಗೆಯೇ ತಂದುಕೊಟ್ಟವನ ಕೈಯನ್ನು ನೀವು ಯಾವ ತರ್ಕದಿಂದ ಕಳ್ಳನ ಕೈ ಎಂದಿರಿ?

ಈಗ ನಿಮಗೆ ಗೊತ್ತಿರದ ವಿಷಯಕ್ಕೆ ಬರುತ್ತೇನೆ. ಬೋರಮಾಳ ನಮ್ಮ ಮನೆಯಲ್ಲಿದೆ. ಮಂಗಳವಾರ ಕಾಕು ಆ ಕೌದಿಯನ್ನು ಬಿಸಿಲಿಗೆ ಝಾಡಿಸಿದಾಗ ಮಡಿಕೆಯೊಳಗಿಂದ ಕೆಳಗೆ ಬಿತ್ತು. ಓಡುವ ಗಡಿಬಿಡಿಯಲ್ಲಿ ಕೊಂಡಿ ಕಳಚಿ ಕೌದಿಯ ಮೇಲೆ ಬಿದ್ದಿತ್ತು. ಅದನ್ನು ಗೊತ್ತಿಲ್ಲದೆ ಮಡಚಿ, ತನ್ನ ಕೈಯಾರೆ ನಮಗೆ ತಲುಪಿಸಿದವಳು ತುಳಜಾಬಾಯಿ! ನಾನು ಕುಣಿದುಬಿಟ್ಟೆ. ಈಗಲೇ ಠಾಣೆಗೆ ಹೋಗೋಣ ಎಂದೆ.

'ಸಿಕ್ಕದಂತ ಹ್ಯಾಂಗ ಹೇಳಬೇಕು?' ಎಂದರು ಕಾಕಾ. 'ಮಂದಿ ನಗ್ತಾರ. ಫೌಜದಾರ್ರು ಸಿಟ್ಟಾಗ್ತಾರ. ಬಿಡು, ತಾನೇ ಬಿಡ್ತಾರ ಅಂವಗ. ನಾಕ್ ದಿನ ಠಾಣಾದಾಗ ಕುಂತ್ರ ಅವರಿಗೇನ್ ಹೊಸಾದು?'

ಸಿನಿಮಾ ನೋಡಿ ಅತ್ತದ್ದು ಈ ಮನುಷ್ಯನೇ.

ಬುಧವಾರ ನಾನೊಬ್ಬಳೇ ಠಾಣೆಗೆ ಬಂದೆ. ಸಾಹೇಬರು ಬಂದೋಬಸ್ತಿಗೆ ಹೋಗಿದ್ದಾರೆ, ದೂರು ಕೊಟ್ಟವರೇ ಬಂದು ಹೇಳಬೇಕು ಎಂದು ಹವಾಲ್ದಾರರು ಕಳಿಸಿದರು. ದೂರು ಇರುವುದು ಕಾಕುವಿನ ಹೆಸರಿನಲ್ಲಿ, ಹೇಳಿ ಬರೆಸಿದ್ದೆಲ್ಲ ಕಾಕಾ. ನಿಮ್ಮ ಗೇಟಿನ ಹೊರಗೆ ತುಳಜಾಬಾಯಿ ಕೂತಿದ್ದಳು. ಸರ ಸಿಕ್ಕಿದೆ, ಭರತನನ್ನು ಬಿಡಿಸುತ್ತೇನೆ ಎಂದು ಅವಳಿಗೆ ಹೇಳಿದೆ. ಅವಳು ಬೈಯಲಿಲ್ಲ. ಅರ್ಧಕ್ಕೆ ನಿಂತ ಸಿನಿಮಾದ ಬಗ್ಗೆ ಕೇಳಿದಳು: 'ಕುದ್ರಿ ಬಂದ ಮ್ಯಾಲ ಏನಾಯ್ತವಾ? ಆ ಗುಂಪಿನಾಗ ಯಾರರ ಉಳದ್ರಾ?'

ನಾನು ಮನೆಗೆ ಬಂದು ಇದೊಂದೇ ಪ್ರಶ್ನೆಯನ್ನು ಕಾಕುವಿಗೆ ಹೇಳಿದೆ. ಅವಳು ರೊಟ್ಟಿ ತಟ್ಟುತ್ತಿದ್ದಳು. ಹಂಚಿನ ಮೇಲಿನ ರೊಟ್ಟಿ ಸುಟ್ಟು ಕರಕಾಯಿತು. ಆಮೇಲೆ ಕಾಕಾಗೆ ಕೇಳಿಸುವಂತೆಯೇ ಹೇಳಿದಳು: 'ನಾ ಬರ್ತೀನಿ. ಆದ್ರ ಠಾಣಾದಾಗ ಕುಸುಕುಸು ಹೇಳೂದಿಲ್ಲ. ಎಲ್ಲಿ ಕಳ್ಳ ಅಂದೀವಿ, ಅಲ್ಲೇ ಹೇಳ್ತೀನಿ.'

ಆದ್ದರಿಂದ ನನ್ನ ಬೇಡಿಕೆ ಎರಡೇ. ಶುಕ್ರವಾರ ಈ ಪತ್ರ ಅಚ್ಚಾಗಿ ನಿಮ್ಮ ಕೈಗೆ ಬಂದ ಗಳಿಗೆಯಲ್ಲೇ ಭರತನನ್ನು ಬಿಡಿ. ಎರಡನೆಯದು, ಅದೇ ಸಭಾಗೃಹಕ್ಕೆ ಬನ್ನಿ. ಶಾಲು ತರಬೇಡಿ, ಭಾಷಣವೂ ಬೇಡ. ಕೊರಳಲ್ಲಿ ಬೋರಮಾಳ ಹಾಕಿಕೊಂಡು ಸುಮಿತ್ರಾಬಾಯಿ ಧ್ವನಿವರ್ಧಕದ ಮುಂದೆ ನಿಂತು ಹೇಳುವುದನ್ನು ಕೇಳಿ, ನಿಮ್ಮ ಟೋಪಿ ತಂದುಕೊಟ್ಟವನಿಗೆ ನೀವು ಹೇಳಬೇಕಾದ ಒಂದು ಮಾತು ಹೇಳಿ. ಆಮೇಲೆ ಸಿನಿಮಾದ ಉಳಿದರ್ಧ ಹಾಕುತ್ತೇವೆ. ತುಳಜಾಬಾಯಿಗೆ ಮುಂದೇನಾಯಿತು ಎಂದು ಗೊತ್ತಾಗಬೇಕು. ಕುದುರೆ ಬಂದರೂ ಈ ಸಲ ಯಾರೂ ಏಳುವುದಿಲ್ಲ ಎಂದು ಮನೆಮನೆಗೆ ಹೋಗಿ ಹೇಳಿ ಬಂದಿದ್ದೇನೆ.

ಬರುವ ಭಾನುವಾರ, ಸಂಜೆ ನಾಲ್ಕು ಗಂಟೆಗೆ ಸರಿಯಾಗಿ.

ಇಂತಿ,
ನಿಮ್ಮ ಜೊತೆಗೇ ಓಡಿದವಳು,
ಶಾಂಭವಿ