ಪೆಟ್ಟು ಬಿದ್ದ ಕ್ಷಣದ ಚಿತ್ರವನ್ನು ನೋಡಲೊಲ್ಲದ ಅಧ್ಯಕ್ಷರಿಗೆ

ಕ್ರೀಡಾ ಮುಖಕವಚ ಅನುಮೋದನಾ ಸಮಿತಿಯ ಮಾನ್ಯ ಅಧ್ಯಕ್ಷರೇ,

ನಾನು ಮದುವೆಯಾದೆ ಎಂಬ ಕಾರಣಕ್ಕೆ ನಮ್ಮ ಪ್ರಯೋಗಾಲಯದ ವರದಿಯನ್ನು ನೀವು ಬದಿಗಿಟ್ಟಿದ್ದೀರಿ. ಸೆಪ್ಟೆಂಬರಿನಲ್ಲಿ ಅದು ನಿಮ್ಮ ಪ್ರಕಾರ ಗಮನಾರ್ಹ ವರದಿಯಾಗಿತ್ತು. ಅಕ್ಟೋಬರಿನಲ್ಲಿ ನಾನು ಐಸ್ ಹಾಕಿಯ ಗೋಲ್‌ಕೀಪರ್ ರೆಮಿಯನ್ನು ವರಿಸಿದೆ. ನವೆಂಬರಿನಲ್ಲಿ ನಿಮ್ಮ ಕಚೇರಿಗೆ ಅದರಲ್ಲಿ ಹಿತಾಸಕ್ತಿಯ ಸಂಘರ್ಷ ಕಾಣಿಸಿತು. ಚಿತ್ರಗಳು ಅವೇ, ಅಳತೆಗಳು ಅವೇ. ನನ್ನ ಬೆರಳಿಗೆ ಒಂದು ಉಂಗುರ ಬಂದಿದೆ, ಅಷ್ಟೇ.

ಹಿತಾಸಕ್ತಿ ಇದೆ, ಖಂಡಿತ ಇದೆ. ರೆಮಿಯ ಮುಖದ ಮೇಲೆ ನನಗೆ ಅಪಾರ ಆಸಕ್ತಿ. ಅಂಗಡಿಯಲ್ಲಿ ಬೇಕೆಂದೇ "ನನ್ನ ಗಂಡನಿಗೆ" ಎಂದು ಹೇಳಿ ಮೊಟ್ಟೆ ಕೊಳ್ಳುವಷ್ಟು ಹೊಸ ಹೆಂಡತಿ ನಾನು. ಆದರೆ ಎಕ್ಸ್-ರೇ ಯಂತ್ರಕ್ಕೆ ಮದುವೆಯಾಗಿಲ್ಲವಲ್ಲ ಸ್ವಾಮಿ?

ನಮ್ಮ ಕೆಲಸ ಸರಳ. ಗಾಳಿ ಕೋವಿಯಿಂದ ಹಾಕಿಯ ಪಕ್, ಅಂದರೆ ಗಟ್ಟಿ ರಬ್ಬರ್ ಬಿಲ್ಲೆ, ಹಾರಿಸಿ ನಕಲಿ ತಲೆಗೆ ತೊಡಿಸಿದ ಕವಚಕ್ಕೆ ಹೊಡೆಯುತ್ತೇವೆ. ಅದು ತಗಲಿದ ಗಳಿಗೆಯಲ್ಲೇ, ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಬೇಗ, ಎಕ್ಸ್-ರೇ ಒಮ್ಮೆ ಮಿಂಚುತ್ತದೆ. ಒಳಗಿನ ಫೋಮ್ ಎಕ್ಸ್-ರೇಯಲ್ಲಿ ಬರೀ ಮಂಜಿನಂತೆ ಕಾಣುವುದರಿಂದ, ಅದನ್ನು ಎರಕ ಹೊಯ್ಯುವಾಗ ನಡುವೆ ಲೋಹದ ಪುಡಿಯ ತೆಳುಪದರ ಉದುರಿಸಿರುತ್ತೇವೆ. ಪೆಟ್ಟಿಗೆ ಮೊದಲಿನ ಚಿತ್ರದಲ್ಲಿ ಒಂದೊಂದು ಕಣ ಎಲ್ಲಿತ್ತು, ಪೆಟ್ಟಿನ ಕ್ಷಣದಲ್ಲಿ ಎಲ್ಲಿಗೆ ಸರಿಯಿತು ಎಂದು ಹೋಲಿಸಿದರೆ ಒಳಗೆ ಏನಾಯಿತೆಂದು ಗೊತ್ತಾಗುತ್ತದೆ. ಆದದ್ದು ಇಷ್ಟು: ಕೆನ್ನೆಯ ಬಳಿ ಫೋಮ್ ಪೂರ್ತಿ ಚಪ್ಪಟೆಯಾಗಿ, ಕವಚದ ಗಟ್ಟಿ ಹೊರಚಿಪ್ಪು ನೇರವಾಗಿ ಕೆನ್ನೆಮೂಳೆಗೆ ತಾಗುತ್ತದೆ. ಮರುಕ್ಷಣ ಎಲ್ಲವೂ ಉಬ್ಬಿ ಮೊದಲಿನಂತಾಗುತ್ತದೆ. ಆಮೇಲೆ ನಿಮ್ಮ ಪರೀಕ್ಷಕರು ಬಂದು, ತಿರುಗಿಸಿ ನೋಡಿ, ಬಿರುಕಿಲ್ಲವೆಂದು ನೀಲಿ ಮುದ್ರೆ ಒತ್ತುತ್ತಾರೆ. ಕಳ್ಳ ಮನೆ ಬಿಟ್ಟ ಮೇಲೆ ಬಂದು, ಇಲ್ಲಿ ಕಳ್ಳನಿಲ್ಲ ಎಂದು ಬರೆದುಕೊಂಡು ಹೋದ ಹಾಗೆ.

ನಮ್ಮ ಮುಖ್ಯಸ್ಥೆ ಮೊರಾಗ್ ಅವರು ಚಿತ್ರ ಕಳಿಸಿದಾಗ ನೀವು ಅದನ್ನು ನೋಡದೆಯೇ ಕೊಟ್ಟ ಉತ್ತರ ಇನ್ನೂ ಸೊಗಸು. ಪುಡಿ ಹಾಕಿದ ಕವಚ ನೀವು ಅನುಮೋದಿಸಿದ ಕವಚವಲ್ಲವಂತೆ. ಪುಡಿ ಇಲ್ಲದಿದ್ದರೆ ಒಳಗೆ ಕಾಣದು, ಕಂಡರೆ ಅದು ನಿಮ್ಮದಲ್ಲ. ಪುಡಿ ಇದ್ದದ್ದಕ್ಕೂ ಇಲ್ಲದ್ದಕ್ಕೂ ಒಂದೇ ಪೆಟ್ಟು ಹಾಕಿ, ಎರಡೂ ಒಂದೇ ರೀತಿ ತಡೆಯುತ್ತವೆಂದು ತೋರಿಸಿದೆವು. "ಹೋಲುತ್ತವೆ, ಒಂದೇ ಅಲ್ಲ" ಎಂದಿರಿ. ಹಾಗಾದರೆ ನಿಮ್ಮ ಕವಚದ ಒಳಗನ್ನು ಈ ಲೋಕದಲ್ಲಿ ಯಾರಾದರೂ ನೋಡುವ ದಾರಿ ಯಾವುದು? ಯಾರದಾದರೂ ಕೆನ್ನೆಮೂಳೆಯೇ?

ಈ ಸೋಮವಾರ ರೆಮಿ ನನ್ನನ್ನು ಕರೆದೊಯ್ಯಲು ಬಂದಾಗ ಆ ಚಿತ್ರ ಪರದೆಯ ಮೇಲಿತ್ತು. ಜಾಕೆಟ್ಟಿನ ಹಿಮ ಕೊಡವುತ್ತ ಬಗ್ಗಿ ನೋಡಿದ.

"ಇದ್ರಲ್ಲಿ ನನ್ ಕೆನ್ನೆ ಎಲ್ಲಿ ಬರತ್ತೆ?"

ನಾನು ಬೆರಳಿಟ್ಟು ತೋರಿಸಿದೆ.

"ಅಲ್ಲಿ ಜಾಗಾನೇ ಇಲ್ವಲ್ಲೇ."

"ಇಲ್ಲ."

"ಹಂಗಾದ್ರೆ ಶನಿವಾರದ ಮ್ಯಾಚಿಗೆ ಕೆನ್ನೆ ಮನೇಲಿ ಬಿಟ್ಟು ಹೋಗ್ತೀನಿ ಬಿಡು" ಎಂದು ರೆಮಿ ತನ್ನ ಕೆನ್ನೆ ತಟ್ಟಿಕೊಂಡ. ಮೊರಾಗ್ ನಕ್ಕರು. ನನಗೆ ನಗು ಬರಲಿಲ್ಲ.

ಮರುದಿನ ನಾವು ಮೂವರೂ ಸೇರಿ ಅವನ ಕವಚಕ್ಕೆ ದಪ್ಪ ಪದರವೊಂದನ್ನು ಕತ್ತರಿಸಿ ಅಂಟಿಸಿದೆವು. ಅಂಥದೇ ಪದರ ಹಾಕಿ ಹೊಡೆದು ನೋಡಿದಾಗ ಚಿತ್ರದಲ್ಲಿ ಚಿಪ್ಪು ಕೆನ್ನೆಗೆ ತಾಗಿರಲಿಲ್ಲ. ಅಭ್ಯಾಸದ ದಿನವೇ ತಂಡದ ತರಬೇತುದಾರ ಅದನ್ನು ಕಂಡು ಕಿತ್ತು ತೆಗೆದರು. ಒಳಗೆ ಕೈಯಾಡಿಸಿದರೆ ಮುದ್ರೆ ರದ್ದು, ಮುದ್ರೆ ಇಲ್ಲದಿದ್ದರೆ ಮಂಜುಗಡ್ಡೆಯ ಮೇಲೆ ಕಾಲಿಡುವಂತಿಲ್ಲ, ನಿಯಮ ನಿಮ್ಮದೇ. ಅವರು ಕೆಟ್ಟವರಲ್ಲ. "ನೋಡಮ್ಮ, ನಿಂಗೆ ಕಾಣ್ಸಿದ್ದು ನಂಗೂ ಕಾಣ್ತದೆ. ನನ್ ಕೈ ಕಟ್ಟಿದೆ" ಎಂದರು.

ಆಡಬೇಡ ಎಂದು ರೆಮಿಗೆ ಹೇಳಿದೆನೇ? ಹೇಳಿದೆ. ಹತ್ತು ವರ್ಷ ಸಣ್ಣ ಊರುಗಳ ತಂಡಗಳಲ್ಲಿ ಬದಲಿ ಆಟಗಾರನಾಗಿ ಬೆಂಚು ಕಾದು, ಈ ಚಳಿಗಾಲ ಮೊದಲ ಬಾರಿ ಗೋಲಿನ ಮುಂದೆ ನಿಂತಿದ್ದಾನೆ. ಕಾರಿನಲ್ಲಿ ನನ್ನ ಕೈ ಹಿಡಿದು ಸಮಾಧಾನ ಮಾಡಿದ: "ಅಷ್ಟು ದೊಡ್ಡವ್ರು ಸುಮ್ನೆ ಮುದ್ರೆ ಒತ್ತಿರ್ತಾರಾ? ನೋಡೇ ಇರ್ತಾರೆ ಕಣೇ."

ಆದ್ದರಿಂದ ಅಧ್ಯಕ್ಷರೇ, ದಪ್ಪ ಪದರ ಹಾಕಿಕೊಂಡು ಆಡಬಹುದೆಂಬ ಒಂದು ಸಾಲಿನ ಆದೇಶವನ್ನು ಶನಿವಾರದೊಳಗೆ ಹೊರಡಿಸಿ. ಆಗದಿದ್ದರೆ, ರೆಮಿಗೆ ನೀವೇ ಫೋನು ಮಾಡಿ, ಆ ಚಿತ್ರವನ್ನು ನೀವು ನೋಡಿಲ್ಲವೆಂದು ತಿಳಿಸಿ. ನಾನು ಹೇಳಿದರೆ ಹೆಂಡತಿಯ ಹೆದರಿಕೆ ಎಂದುಕೊಳ್ಳುತ್ತಾನೆ. ಅವನು ನಂಬಿರುವುದು ನಿಮ್ಮನ್ನು.

ಇಂತಿ,
ಗಾಜಿನ ತಡೆಗೋಡೆಯ ಹಿಂದೆ, ಗೋಲಿಗೆ ಹತ್ತಿರದ ಸಾಲಿನಲ್ಲಿ ಶನಿವಾರ ಕೂರಲಿರುವ,
ಮದುವೆಯಾಗಿ ಸಾಕ್ಷಿ ಹೇಳುವ ಅರ್ಹತೆ ಕಳೆದುಕೊಂಡ
ಐಲಿ ಗೊದ್ರೊ