ಬೋರ್ಡಿನೊಳಗೆ ಇಳಿದ ಕಾಯಿನೀರು

ಪಂಪಾಪತಿ ಸಾಹುಕಾರರಿಗೆ ಮಾನ್ವಿಯಿಂದ ಶಿವಗಂಗಾಳ ಶರಣು.

ನಿಮ್ಮ ರೈಸ್‌ಮಿಲ್ಲಿನ ಕಂಪ್ಯೂಟರನ್ನು ಆಯುಧ ಪೂಜೆಗೆ ಮುಂಚೆ ನಾನೇ ಧೂಳು ತೆಗೆದು ಕೊಟ್ಟಿದ್ದೆ. ಪೂಜೆಯ ಮರುದಿನ ಅದು ಆನ್ ಆಗಲಿಲ್ಲ, ಮತ್ತೆ ನನ್ನ ರಿಪೇರಿ ಅಂಗಡಿಗೇ ಕಳಿಸಿದಿರಿ. ನನ್ನ ಅಂಗಡಿ ಎದುರಿನ ಚಹಾದಂಗಡಿಯಲ್ಲಿ ನಿಂತು, ‘ಹೆಣ್ಮಗಳು ಕೈ ಹಚ್ಚಿದ್ಲು, ಅದಕ್ಕ ಬೋರ್ಡ್ ಸತ್ತದ’ ಅಂದಿರಿ.

ಬೋರ್ಡ್ ಸತ್ತಿರಲಿಲ್ಲ. ಮೀಟರ್ ಹಿಡಿದೆ, ಒಂದು ಮೂಲೆಯಲ್ಲಿ ಶಾರ್ಟ್ ಎಂದು ಕೂಗಿತು. ಅಲ್ಲಿ ಕುಂಕುಮ ಬೆರೆತ ಕಾಯಿನೀರು ಒಣಗಿ ಅಂಟಿಕೊಂಡಿತ್ತು. ಪೂಜೆಯ ದಿನ ಕಂಪ್ಯೂಟರ್ ಪೆಟ್ಟಿಗೆಯ ಮೇಲೆ ಕಾಯಿ ಒಡೆದವರು ನೀವೇ, ಸಾಹುಕಾರರೇ.

ತೊಳೆದು ಸರಿಮಾಡಿದ್ದೇನೆ. ಒಯ್ಯಲು ಆಳನ್ನು ಕಳಿಸಬೇಡಿ, ಕೊಡುವುದಿಲ್ಲ. ಸಂಜೆ ಚಹಾದಂಗಡಿ ತುಂಬಿರುವ ಹೊತ್ತಿಗೆ ನೀವೇ ಬನ್ನಿ. ಕಂಪ್ಯೂಟರನ್ನು ಅಲ್ಲಿಗೇ ತಂದಿಟ್ಟು, ಅದೇ ಮಂದಿಯ ಎದುರು ನಾನೇ ಬಟನ್ ಒತ್ತುತ್ತೇನೆ.

ಇಂತಿ,
ಕೈ ಹಚ್ಚಿದಾಕಿ,
ಶಿವಗಂಗಾ