ಗಾಲಿಗೆ ಇಡುವ ಕಲ್ಲು

ಅಪ್ಪಾ,

ನೀನು ಓದಲಾರೆ, ಆದರೂ ಹೇಳುತ್ತೇನೆ. ಈ ಗ್ರೀಕ್ ಹಡಗಿನಲ್ಲಿ ಜನ ಮೇಲೆ, ಅವರ ಕಾರು ಲಾರಿಗಳು ಕೆಳಗೆ. ದ್ವೀಪದಿಂದ ದ್ವೀಪಕ್ಕೆ ದಿನವಿಡೀ ಅವುಗಳ ಗಾಲಿಗೆ ಮರದ ತುಂಡು ಒತ್ತಿಟ್ಟು ಸರಪಳಿ ಬಿಗಿಯುವುದೇ ನನ್ನ ಕೆಲಸ. ಸೊಂಟ ಸೋತುಹೋಗಿದೆ.

ಇವತ್ತು ಮುದುಕ ಡ್ರೈವರನೊಬ್ಬ ಏನೋ ನೋಡಲು ತನ್ನ ಲಾರಿಯಡಿ ತೂರಿದ. "ಹೊರಗ ಬಾ, ಅಪ್ಪಾ!" ಎಂದು ಕನ್ನಡದಲ್ಲೇ ಚೀರಿ, ಕಾಲು ಹಿಡಿದು ಎಳೆದೆ. ಅವನು ಬಯ್ಯಲಿಲ್ಲ. ನಾನೇ ಇಟ್ಟಿದ್ದ ಮರದ ತುಂಡು, ನಾನೇ ಬಿಗಿದಿದ್ದ ಸರಪಳಿ ತೋರಿಸಿ ನಕ್ಕ. ಎಲ್ಲ ಸರಿಯಾಗಿಯೇ ಇತ್ತು.

ಸವದತ್ತಿಯ ಇಳಿಜಾರಿನಲ್ಲಿ, ನಮ್ಮ ಲಾರಿಯಡಿಯಿಂದ ನೀನು ಕೊನೆಯ ಸಲ ಕೂಗಿ ಕೇಳಿದ್ದೆ: "ಗಾಲಿಗೆ ಕಲ್ಲ ಇಟ್ಟಿ ಏನೋ?"

ಕಲ್ಲು ಇನ್ನೂ ನನ್ನ ಕಾಲ ಬಳಿಯೇ ಇತ್ತು. ಚಹಾದಂಗಡಿಯ ಬೆಂಚಿನಿಂದ ಏಳದೆಯೇ ನಾನು "ಹೂಂ" ಅಂದಿದ್ದೆ.